ಊರಿನ ಹೆಸರು ಹೊತ್ತ ಹೆಣ್ಣುಮಕ್ಕಳು



ಇವತ್ತು ಮಾರ್ಚ್ 1. ರಾಜಕೀಯದ ಸುದ್ದಿ ಬೇಕಾದಷ್ಟಿದೆ. ಅದು ನಾಳೆನೂ ಇರುತ್ತೆ, ನಾಡಿದ್ದೂ ಇರುತ್ತೆ. ಇವತ್ತು ಒಂದು ಹೆಸರಿನ ಬಗ್ಗೆ ಮಾತಾಡೋಣ. ಒಂದು ಹೆಣ್ಣುಮಗುವಿನ ಹೆಸರು. ನಮ್ಮ ದೇಶದ್ದಲ್ಲ, ಇಟಲಿಯದ್ದು. ಅಲ್ಲೂ ಈಗ ಅಪರೂಪ. ಹೊಸದಾಗಿ ಹುಟ್ಟಿದ ಮಗುವಿಗೆ ಆ ಹೆಸರಿಡುವವರು ಹುಡುಕಿದರೂ ಸಿಗುವುದು ಕಷ್ಟ. ಆದರೆ ಒಂದು ಕಾಲದಲ್ಲಿ ಇಟಲಿಯ ಅಪ್ಪ ಅಮ್ಮಂದಿರು ತೊಟ್ಟಿಲಲ್ಲಿದ್ದ ಮಗುವನ್ನು ಆ ಹೆಸರಿನಿಂದ ಕರೆದರು.

ಹೆಸರು ಏನು ಗೊತ್ತಾ? ಆದುವಾ.

ಇದು ನನ್ನ ಕಿವಿಗೆ ಬಿದ್ದದ್ದು ಹೇಗೆ ಅಂತ ಮೊದಲು ಹೇಳ್ತೀನಿ. ಅಕ್ಟೋಬರ್ 12 ಒಪೆರಾ ಗಾಯಕ ಲೂಚಾನೊ ಪವರೋಟ್ಟಿ ಹುಟ್ಟಿದ ದಿನ. ಅವರ ಬಗ್ಗೆ ಎರಡು ನಿಮಿಷದ ಒಂದು ಸ್ಟೋರಿ ಮಾಡೋಣ ಅಂತ ನಮ್ಮ ಡೆಸ್ಕಿನ ಹುಡುಗನೊಬ್ಬ ಸ್ಕ್ರಿಪ್ಟ್ ಬರೆದು ತಂದ. ಅದರಲ್ಲಿ ಒಂದು ಸಾಲು: ಮೊದಲ ಪತ್ನಿ ಆದುವಾ ವೆರೋನಿ, ಮದುವೆ 1961ರಲ್ಲಿ. ಸ್ವಲ್ಪ ಹೊತ್ತಿಗೆ ಅವನೇ ಓಡಿ ಬಂದ. "ಸರ್, ಸ್ಪೆಲ್ಲಿಂಗ್ ತಪ್ಪಾಗಿರಬೇಕು. ಆ ಹೆಸರು ಹಾಕಿ ಹುಡುಕಿದ್ರೆ ಇಥಿಯೋಪಿಯಾದ ಮ್ಯಾಪ್ ಬರ್ತಿದೆ" ಅಂದ.

ಸ್ಪೆಲ್ಲಿಂಗ್ ಸರಿಯಾಗಿಯೇ ಇತ್ತು. ಮ್ಯಾಪ್ ಕೂಡ ಸರಿಯಾಗಿಯೇ ಇತ್ತು.

ಇಥಿಯೋಪಿಯಾದ ಉತ್ತರದಲ್ಲಿ ತಿಗ್ರಾಯ್ ಅನ್ನುವ ಪ್ರಾಂತ್ಯ ಇದೆ. ಬೆಟ್ಟಗುಡ್ಡಗಳ ಸೀಮೆ. ಅಲ್ಲಿರುವ ಒಂದು ಊರು ಅದ್ವಾ. ಇಟಲಿಯವರ ಬಾಯಲ್ಲಿ ಅದು ಆದುವಾ. ಅಲ್ಲಿಗೂ ಇಟಲಿಗೂ ನಡುವೆ ಒಂದು ಇಡೀ ಸಮುದ್ರ ಇದೆ, ಮರುಭೂಮಿ ಇದೆ. ಅಷ್ಟು ದೂರದ ಊರಿನ ಹೆಸರು ಇಟಲಿಯ ಹೆಣ್ಣುಮಕ್ಕಳಿಗೆ ಯಾಕೆ ಬಂತು? ಅಲ್ಲಿ ಅವರ ಅಜ್ಜಿ ಮನೆ ಇತ್ತಾ? ಮನೆದೇವರು ಇತ್ತಾ? ಯಾವುದೂ ಇಲ್ಲ. ಅಲ್ಲಿ ಒಂದು ಯುದ್ಧ ನಡೆದಿತ್ತು. 1896ರಲ್ಲಿ, ಇದೇ ಮಾರ್ಚ್ 1ರಂದು.

ಆ ಯುದ್ಧದಲ್ಲಿ ಇಟಲಿ ಗೆದ್ದಿರಲಿಲ್ಲ. ಸೋತಿತ್ತು, ಅದೂ ಹೀನಾಯವಾಗಿ. ನೋಡಿ, ಇಲ್ಲಿಂದಲೇ ಕಥೆ ಶುರುವಾಗೋದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಇಟಲಿ ಅನ್ನುವ ದೇಶ ಒಂದಾಗಿದ್ದೇ 1861ರಲ್ಲಿ. ಅಷ್ಟರಲ್ಲಾಗಲೇ ಬ್ರಿಟನ್, ಫ್ರಾನ್ಸ್ ಜಗತ್ತಿನ ತುಂಬಾ ಕೈ ಚಾಚಿಕೊಂಡು ಕೂತಿದ್ದವು. ತಡವಾಗಿ ಊಟಕ್ಕೆ ಬಂದವರಿಗೆ ಎಲೆಯಲ್ಲಿ ಏನು ಉಳಿದಿದೆ ಅನ್ನೋದೇ ಚಿಂತೆ. ಇಟಲಿಯ ಕಣ್ಣು ಕೆಂಪು ಸಮುದ್ರದ ದಂಡೆಯ ಮೇಲೆ ಬಿತ್ತು. 1885ರಲ್ಲಿ ಮಸ್ಸಾವಾ ಬಂದರು ಹಿಡಿದರು. ಒಳನಾಡಿಗೆ ನುಗ್ಗುತ್ತಾ ಹೋದಾಗ 1887ರ ಜನವರಿಯಲ್ಲಿ ದೊಗಾಲಿ ಅನ್ನುವ ಕಡೆ ಸುಮಾರು 500 ಸೈನಿಕರ ತುಕಡಿಯೊಂದು ಹೆಚ್ಚುಕಡಿಮೆ ಪೂರ್ತಿ ನಾಶವಾಯಿತು. ನಿಮ್ಮಲ್ಲಿ ಯಾರಾದರೂ ರೋಮ್ ನಗರಕ್ಕೆ ಹೋಗಿದ್ದರೆ ದೊಡ್ಡ ರೈಲು ನಿಲ್ದಾಣದ ಎದುರಿಗಿರುವ ಚೌಕದಲ್ಲಿ ನಿಂತಿರ್ತೀರಿ. ಎಲ್ಲರೂ ಬಸ್ ಹಿಡಿಯೋ ಜಾಗ ಅದು. ಪಿಯಾತ್ಸಾ ದೇಯಿ ಚಿಂಕ್ವೆಚೆಂತೊ. ಅಂದರೆ ಐನೂರು ಜನರ ಚೌಕ. ಆ ಐನೂರು ಜನ ಇವರೇ.

ಆಮೇಲೆ 1889ರ ಮೇ 2ರಂದು ಒಂದು ಒಪ್ಪಂದ ಆಯಿತು. ವುಚಾಲೆ ಒಪ್ಪಂದ. ಒಂದು ಕಡೆ ಇಟಲಿ, ಇನ್ನೊಂದು ಕಡೆ ಚಕ್ರವರ್ತಿ ಮೆನೆಲಿಕ್. ಎರಡು ಭಾಷೆಯಲ್ಲಿ ಎರಡು ಪ್ರತಿ. ಅದರ 17ನೇ ಕಲಮು ಇದೆಯಲ್ಲ, ಅದೇ ಎಲ್ಲಾ ರಗಳೆಗೆ ಮೂಲ. ಅಮ್ಹಾರಿಕ್ ಭಾಷೆಯ ಪ್ರತಿಯಲ್ಲಿ, ಬೇರೆ ದೇಶಗಳ ಜೊತೆ ವ್ಯವಹಾರ ಮಾಡುವಾಗ ಇಥಿಯೋಪಿಯಾ ಬೇಕಿದ್ದರೆ ಇಟಲಿಯ ನೆರವು ಪಡೆಯಬಹುದು ಅಂತ ಇತ್ತು. ಇಟಲಿಯನ್ ಪ್ರತಿಯಲ್ಲಿ, ಇಟಲಿಯ ಮೂಲಕವೇ ಮಾಡಬೇಕು ಅನ್ನುವ ಅರ್ಥ ಇತ್ತು. ಪಡೆಯಬಹುದು, ಮಾಡಲೇಬೇಕು. ಎರಡಕ್ಕೂ ವ್ಯತ್ಯಾಸ ಎಷ್ಟು ಅಂತ ನಾನು ಹೇಳಬೇಕಾ? ಬಾಡಿಗೆ ಕರಾರಿನಲ್ಲಿ ಒಂದು ಪದ ಬದಲಾದರೆ ಮನೆ ಯಾರದ್ದು ಅನ್ನೋದೇ ಬದಲಾಗುತ್ತೆ. ಒಂದು ಪ್ರತ್ಯಯದ ಅಂತರದಲ್ಲಿ ಸ್ವತಂತ್ರ ದೇಶವೊಂದು ಕಾಗದದ ಮೇಲೆ ಅಧೀನ ದೇಶ ಆಗಿಬಿಟ್ಟಿತು. ಮೆನೆಲಿಕ್‌ಗೆ ವಿಷಯ ಗೊತ್ತಾಯಿತು. ಆತ ವಾದ ಮಾಡಿದ, ಪತ್ರ ಬರೆದ, ಕಡೆಗೆ 1893ರಲ್ಲಿ ಒಪ್ಪಂದವನ್ನೇ ತಿರಸ್ಕರಿಸಿದ.

ಯುದ್ಧ ಬಂತು. ಇಟಲಿಯ ಸೇನಾಪತಿ ಜನರಲ್ ಬರಾತಿಯೇರಿ. ಅವರ ಹತ್ತಿರ ಸುಮಾರು 17 ಸಾವಿರ ಸೈನಿಕರು. ಅದರಲ್ಲಿ ಎರಿಟ್ರಿಯಾದ ಆಫ್ರಿಕನ್ ಸೈನಿಕರೂ ಇದ್ದರು, ಅವರನ್ನ ಆಸ್ಕರಿ ಅಂತಾರೆ. ಎದುರಿಗೆ ಮೆನೆಲಿಕ್ ಪಡೆ, ಸುಮಾರು ಒಂದು ಲಕ್ಷ. ಬರಾತಿಯೇರಿಗೆ ಮುಂದೆ ಹೋಗುವುದಕ್ಕೆ ಮನಸ್ಸಿರಲಿಲ್ಲ. ಆದರೆ ರೋಮ್‌ನಲ್ಲಿ ಕೂತಿದ್ದ ಪ್ರಧಾನಿ ಕ್ರಿಸ್ಪಿಗೆ ಗೆಲುವಿನ ಸುದ್ದಿ ಬೇಕಿತ್ತು. ಇದು ಯುದ್ಧ ಅಲ್ಲ, ಕ್ಷಯರೋಗ ಅನ್ನುವ ಅರ್ಥ ಬರುವ ಹಾಗೆ ಚುಚ್ಚಿ ಒಂದು ತಂತಿ ಕಳಿಸಿದರು. ದೂರದಲ್ಲಿ ಕೂತು ಅರ್ಜೆಂಟ್ ಮಾಡುವವರು ಎಲ್ಲಾ ಕಾಲದಲ್ಲೂ ಇರ್ತಾರೆ. ಟಿವಿ ಸ್ಟುಡಿಯೋದಲ್ಲಿ ಕೂತಿರುವ ನಮಗೂ ಈ ಮಾತು ಅನ್ವಯಿಸುತ್ತೆ, ಅದನ್ನ ಆಮೇಲೆ ಹೇಳ್ತೀನಿ.

ಆ ವರ್ಷ ಅಧಿಕ ವರ್ಷ. ಫೆಬ್ರವರಿ 29ರ ರಾತ್ರಿ ಇಟಲಿ ಪಡೆ ಕತ್ತಲಲ್ಲಿ ಬೆಟ್ಟದ ದಾರಿ ಹಿಡಿಯಿತು. ಕೈಯಲ್ಲಿ ಇದ್ದದ್ದು ಒಂದು ಕಚ್ಚಾ ನಕ್ಷೆ. ನಾನು ಓದಿದ್ದು ಎಂಜಿನಿಯರಿಂಗ್. ಡ್ರಾಯಿಂಗ್ ತಪ್ಪಿದ್ದರೆ ಸೈಟಿನಲ್ಲಿ ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಕಟ್ಟಡ ತಪ್ಪಾಗಿಯೇ ನಿಲ್ಲುತ್ತೆ ಅಂತ ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಟ್ಟಿದ್ದರು. ಈ ನಕ್ಷೆಯಲ್ಲೂ ತಪ್ಪಿತ್ತು. ಜನರಲ್ ಆಲ್ಬೆರ್ತೋನೆ ಕಿದಾನೆ ಮೆಹ್ರೆತ್ ಅನ್ನುವ ಗುಡ್ಡಕ್ಕೆ ಹೋಗಿ ನಿಲ್ಲಬೇಕು ಅಂತ ಆದೇಶ. ನಕ್ಷೆಯಲ್ಲಿ ಒಂದು ಗುಡ್ಡಕ್ಕೆ ಆ ಹೆಸರು ಬರೆದಿತ್ತು. ಆದರೆ ಅಲ್ಲಿನ ಜನ ಆ ಹೆಸರಿನಿಂದ ಕರೆಯುತ್ತಿದ್ದ ಗುಡ್ಡ ಬೇರೆ, ಹಲವು ಕಿಲೋಮೀಟರ್ ಮುಂದೆ ಇತ್ತು. ಕಿದಾನೆ ಮೆಹ್ರೆತ್ ಅಂದರೆ ಕರುಣೆಯ ಒಡಂಬಡಿಕೆ. ಮೇರಿ ಮಾತೆಗೆ ಸಂಬಂಧಿಸಿದ ಹೆಸರು. ಇಥಿಯೋಪಿಯಾದ ಎಷ್ಟೋ ಚರ್ಚುಗಳಿಗೆ ಆ ಹೆಸರಿದೆ. ನಮ್ಮ ಕಡೆ ಯಾರನ್ನಾದರೂ ನಿಲ್ಲಿಸಿ "ಮಾರಿಗುಡಿ ಎಲ್ಲಿ?" ಅಂತ ಕೇಳಿದರೆ "ಯಾವ ಊರಿನ ಮಾರಿಗುಡಿ ಸ್ವಾಮಿ?" ಅಂತ ಕೇಳಲ್ವಾ, ಹಾಗೆ. ದಾರಿ ತೋರಿಸುವವರು ನಿಜವಾದ ಗುಡ್ಡ ಮುಂದಿದೆ ಅಂದರು. ಆಲ್ಬೆರ್ತೋನೆ ಮುಂದೆ ಹೋದರು. ಉಳಿದ ತುಕಡಿಗಳು ಹಿಂದೆಯೇ ಉಳಿದವು. ಬೆಳಕು ಹರಿಯುವ ಹೊತ್ತಿಗೆ ಅವರ ತುಕಡಿ ಒಂಟಿಯಾಗಿತ್ತು, ಎದುರಿಗೆ ಮೆನೆಲಿಕ್‌ನ ಇಡೀ ಸೇನೆ. ಒಂದಾದ ಮೇಲೆ ಒಂದು ತುಕಡಿ ಕುಸಿಯಿತು.

ಮಧ್ಯಾಹ್ನ ದಾಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಇಟಲಿಯ ಕಡೆ ಆಸ್ಕರಿಗಳೂ ಸೇರಿ ಸುಮಾರು 6 ಸಾವಿರ ಜನ ಸತ್ತರು. ಇಬ್ಬರು ಜನರಲ್‌ಗಳು ರಣರಂಗದಲ್ಲೇ ಬಿದ್ದರು, ಆಲ್ಬೆರ್ತೋನೆ ಸೆರೆಯಾದರು. ಇಥಿಯೋಪಿಯಾದ ಕಡೆಯೂ ಸಾವಿರಾರು ಸಾವು. ಗೆದ್ದವರೂ ದಯೆ ತೋರಿಸಿದರು ಅಂತ ಹೇಳುವ ಹಾಗಿಲ್ಲ. ಸೆರೆಸಿಕ್ಕ ಆಸ್ಕರಿಗಳನ್ನ ದ್ರೋಹಿಗಳು ಅಂತ ತೀರ್ಮಾನಿಸಿ ನೂರಾರು ಜನರ ಬಲಗೈ, ಎಡಗಾಲು ಕತ್ತರಿಸಿದರು. ಇದನ್ನೂ ಹೇಳಲೇಬೇಕು. ಗೆಲುವಿನ ಕಥೆ ಹೇಳುವಾಗ ನಾವು ಬಿಟ್ಟುಬಿಡುವ ಸಾಲುಗಳು ಇಂಥವೇ.

ಇಟಲಿಯಲ್ಲಿ ಏನಾಯಿತು? ಜನ ಬೀದಿಗಿಳಿದರು. ಇನ್ನೂ ಸೈನಿಕರನ್ನ ಕಳಿಸಬಾರದು ಅಂತ ರೈಲು ಹಳಿ ಕಿತ್ತರು. ಕ್ರಿಸ್ಪಿ ರಾಜೀನಾಮೆ ಕೊಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಒಪ್ಪಂದ ಆಯಿತು. ವುಚಾಲೆ ರದ್ದು, ಇಥಿಯೋಪಿಯಾ ಸ್ವತಂತ್ರ ದೇಶ ಅಂತ ಇಟಲಿ ಒಪ್ಪಿಕೊಂಡಿತು.

ಈ ಯುದ್ಧದಲ್ಲಿ ಒಬ್ಬ ಹೆಣ್ಣುಮಗಳ ಪಾತ್ರ ದೊಡ್ಡದಿದೆ. ಮಹಾರಾಣಿ ತೈತು ಬೆತುಲ್, ಮೆನೆಲಿಕ್‌ನ ಪತ್ನಿ. ಇಟಲಿಯನ್ನು ನಂಬಬೇಡಿ ಅಂತ ಮೊದಲಿನಿಂದಲೂ ಪಟ್ಟು ಹಿಡಿದವಳು. ಅದ್ವಾಗೆ ಮುಂಚೆ ಮೆಕೆಲ್ಲೆ ಕೋಟೆಯಲ್ಲಿ ಇಟಲಿ ಸೈನಿಕರು ಕೂತಿದ್ದಾಗ, ಅವರ ನೀರಿನ ಮೂಲವನ್ನೇ ಕಡಿಸುವ ಉಪಾಯ ಕೊಟ್ಟವಳು ಅವಳೇ ಅಂತ ಹೇಳ್ತಾರೆ. ತನ್ನದೇ ಪಡೆ ಕಟ್ಟಿಕೊಂಡು ಅದ್ವಾಗೆ ಬಂದಿದ್ದಳು. ಇನ್ನೊಂದು ವಿಷಯ ಕೇಳಿ. ಇಥಿಯೋಪಿಯಾದ ರಾಜಧಾನಿಗೆ ಹೆಸರಿಟ್ಟವಳೂ ಅವಳೇ. ಅಡಿಸ್ ಅಬಾಬಾ, ಅಂದರೆ ಹೊಸ ಹೂವು. ಇಥಿಯೋಪಿಯಾದಲ್ಲಿ ಒಬ್ಬ ಹೆಂಗಸು ಒಂದು ಊರಿಗೆ ಹೂವಿನ ಹೆಸರು ಕೊಟ್ಟಳು. ಇಟಲಿಯಲ್ಲಿ ಒಂದು ಯುದ್ಧಭೂಮಿಯ ಹೆಸರನ್ನ ಹೆಣ್ಣುಮಗುವಿಗೆ ಕೊಟ್ಟರು.

ಸೋತ ಊರಿನ ಹೆಸರನ್ನ ಮಗಳಿಗೆ ಯಾಕೆ ಇಡ್ತಾರೆ? ನನಗೂ ಮೊದಲು ಅರ್ಥವಾಗಲಿಲ್ಲ. ಸತ್ತವರ ನೆನಪಿಗೆ ಇಟ್ಟಿರಬಹುದು. ಹಠಕ್ಕೆ ಇಟ್ಟಿರಬಹುದು, ಇದನ್ನ ಮರೆಯಬಾರದು, ಒಂದು ದಿನ ತೀರಿಸಬೇಕು ಅಂತ. ಮೆನೆಲಿಕ್‌ಗೆ ಜೈ ಅಂದ ಯುದ್ಧವಿರೋಧಿಗಳೂ ಆ ಕಾಲದ ಇಟಲಿಯಲ್ಲಿ ಇದ್ದರು. ಜನನ ನೋಂದಣಿ ಪುಸ್ತಕದಲ್ಲಿ ಹೆಸರು ಬರೆದಿರ್ತಾರೆ, ಅಪ್ಪನ ಮನಸ್ಸಿನಲ್ಲಿ ಏನಿತ್ತು ಅಂತ ಬರೆದಿರೋದಿಲ್ಲ.

ಆದರೆ ಎರಡನೇ ಸುತ್ತಿನಲ್ಲಿ ಅನುಮಾನಕ್ಕೆ ಜಾಗ ಕಡಿಮೆ. 1935ರ ಅಕ್ಟೋಬರ್ 3. ಮುಸೊಲಿನಿಯ ಸೇನೆ ಯುದ್ಧ ಘೋಷಣೆಯನ್ನೂ ಮಾಡದೆ ಇಥಿಯೋಪಿಯಾದ ಗಡಿ ದಾಟಿತು. ಅದೇ ದಿನ ಅದ್ವಾ ಮೇಲೆ ವಿಮಾನಗಳಿಂದ ಬಾಂಬ್ ಬಿತ್ತು. ಅಕ್ಟೋಬರ್ 6ಕ್ಕೆ ಊರು ಕೈವಶ. ಇಟಲಿಯಲ್ಲಿ ಸಂಭ್ರಮವೋ ಸಂಭ್ರಮ. ನಲವತ್ತು ವರ್ಷದ ಸೇಡು ತೀರಿತು ಅಂತ ಪತ್ರಿಕೆಗಳು, ರೇಡಿಯೋ. ಆಗ ಹುಟ್ಟಿದ ಎಷ್ಟೋ ಹೆಣ್ಣುಮಕ್ಕಳಿಗೆ ಆದುವಾ ಅಂತ ಹೆಸರು ಬಿತ್ತು. ಬೀದಿಗಳಿಗೂ ಅದೇ ಹೆಸರು. ನೌಕಾಪಡೆಯ ಒಂದು ಸರಣಿಯ ಜಲಾಂತರ್ಗಾಮಿಗಳಿಗೂ ಅದೇ ಹೆಸರು, ಆದುವಾ ದರ್ಜೆ, ಒಟ್ಟು 17. ಆದುವಾ ಒಂದೇ ಅಲ್ಲ. ಲಿಬಿಯಾ, ಅಸ್ಮಾರಾ ಅಂತಲೂ ಹೆಣ್ಣುಮಕ್ಕಳಿಗೆ ಹೆಸರಿಟ್ಟವರಿದ್ದರು. ಭೂಪಟದಲ್ಲಿ ಎಲ್ಲೆಲ್ಲಿ ಬಾವುಟ ನೆಟ್ಟರೋ ಅಲ್ಲಿಂದ ಒಂದೊಂದು ಹೆಸರು ತೊಟ್ಟಿಲಿಗೆ ಬಂತು.

ಪವರೋಟ್ಟಿ ಹುಟ್ಟಿದ್ದು 1935ರ ಅಕ್ಟೋಬರ್ 12ಕ್ಕೆ, ಅಂದರೆ ಅದ್ವಾ ಬಿದ್ದ ಆರೇ ದಿನಕ್ಕೆ. ಅವರ ಪತ್ನಿಗೆ ಅವರ ಮನೆಯವರು ಆ ಹೆಸರು ಯಾಕೆ ಇಟ್ಟರು ಅಂತ ಊಹೆ ಮಾಡುವ ಹಕ್ಕು ನನಗಿಲ್ಲ. ಆದರೆ ಆ ತಲೆಮಾರಿನ ಗಾಳಿಯಲ್ಲೇ ಆ ಪದ ಇತ್ತು.

ಈ ಸಂಭ್ರಮದ ಹಿಂದೆ ಏನಿತ್ತು ಅಂತಲೂ ನೋಡಬೇಕು. ವಿಷಾನಿಲ ಬಳಸಬಾರದು ಅಂತ 1925ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದಕ್ಕೆ ಇಟಲಿಯೂ ಸಹಿ ಹಾಕಿತ್ತು. ಹತ್ತೇ ವರ್ಷದಲ್ಲಿ ಅದೇ ಇಟಲಿ ಇಥಿಯೋಪಿಯಾದ ಜನರ ಮೇಲೆ ಮಸ್ಟರ್ಡ್ ಗ್ಯಾಸ್ ಸುರಿಯಿತು. ಚರ್ಮ ಸುಡುವ, ಕಣ್ಣು ಕಳೆಯುವ ಅನಿಲ ಅದು. 1936ರ ಮೇ 5ರಂದು ಅಡಿಸ್ ಅಬಾಬಾ ಬಿತ್ತು. ಜೂನ್ 30ರಂದು ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾಕ್ಕೆ ಹೋಗಿ ರಾಷ್ಟ್ರಸಂಘದ ಮುಂದೆ ನಿಂತು ಇದನ್ನೆಲ್ಲಾ ಹೇಳಿದರು. ಇಟಲಿಯ ಪತ್ರಕರ್ತರು ಸಿಳ್ಳೆ ಹೊಡೆದು ಗಲಾಟೆ ಎಬ್ಬಿಸಿದರು. ಹೌದು, ಪತ್ರಕರ್ತರು. ನಮ್ಮ ವೃತ್ತಿಯವರೇ. 1937ರ ಫೆಬ್ರವರಿಯಲ್ಲಿ ವೈಸ್‌ರಾಯ್ ಮೇಲೆ ಗ್ರೆನೇಡ್ ಎಸೆದದ್ದಕ್ಕೆ ಪ್ರತೀಕಾರವಾಗಿ ಅಡಿಸ್ ಅಬಾಬಾದ ಬೀದಿಗಳಲ್ಲಿ ಸಾವಿರಾರು ಜನರನ್ನ ಕೊಂದರು. ಅನಿಲ ಬಳಸಿದ್ದನ್ನ ಇಟಲಿಯ ರಕ್ಷಣಾ ಸಚಿವಾಲಯ ಒಪ್ಪಿಕೊಂಡದ್ದು ಯಾವಾಗ ಗೊತ್ತಾ? 1996ರಲ್ಲಿ. ಅದ್ವಾ ಯುದ್ಧಕ್ಕೆ ಸರಿಯಾಗಿ ನೂರು ವರ್ಷ ತುಂಬಿದ ವರ್ಷ.

ಈಗ ಆ ಮಕ್ಕಳ ಬಗ್ಗೆ ಯೋಚನೆ ಮಾಡಿ. 1936ರಲ್ಲಿ ಹುಟ್ಟಿದ ಒಬ್ಬ ಆದುವಾಗೆ 1941ರಲ್ಲಿ ಐದು ವರ್ಷ. ಆ ವರ್ಷದ ಮೇ 5ರಂದು, ಸರಿಯಾಗಿ ಐದು ವರ್ಷಕ್ಕೆ, ಹೈಲೆ ಸೆಲಾಸಿ ಮತ್ತೆ ತಮ್ಮ ರಾಜಧಾನಿಗೆ ಬಂದರು. ಆ ಗೆಲುವಿನಲ್ಲಿ ಭಾರತದ ಸೈನಿಕರದ್ದೂ ಪಾಲಿದೆ. ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ನಮ್ಮ 4 ಮತ್ತು 5ನೇ ಡಿವಿಷನ್‌ಗಳು ವಾರಗಟ್ಟಲೆ ಹೋರಾಡಿದವು. ಅದೇ ಸೆಪ್ಟೆಂಬರ್ 30ಕ್ಕೆ ಆದುವಾ ಹೆಸರಿನ ಜಲಾಂತರ್ಗಾಮಿಯನ್ನ ಬ್ರಿಟಿಷ್ ಹಡಗುಗಳು ಮುಳುಗಿಸಿದವು. ಅದರಲ್ಲಿ ಒಂದು ಹಡಗಿನ ಹೆಸರು ಗೂರ್ಖಾ! ಆ ಯುದ್ಧದಲ್ಲಿ ಸೆರೆಸಿಕ್ಕ ಸಾವಿರಾರು ಇಟಲಿ ಸೈನಿಕರನ್ನ ಬ್ರಿಟಿಷರು ಭಾರತಕ್ಕೆ ತಂದರು. ನಮ್ಮ ಬೆಂಗಳೂರಿನಲ್ಲೂ, ಜಾಲಹಳ್ಳಿ ಕಡೆ, ಅವರ ಶಿಬಿರಗಳಿದ್ದವು. ಅಲ್ಲಿ ತಂತಿ ಬೇಲಿಯ ಒಳಗೆ ಕೂತಿದ್ದ ಯಾವನೋ ಒಬ್ಬ ಅಪ್ಪನಿಗೆ ಊರಲ್ಲಿ ಐದು ವರ್ಷದ ಆದುವಾ ಇದ್ದಳೋ ಏನೋ. ಇದ್ದಿದ್ದರೆ ಗೆಲುವಿನ ದಿನ ಇಟ್ಟ ಆ ಹೆಸರನ್ನ ಅವನು ಸೆರೆಯಲ್ಲಿ ಹೇಗೆ ಕೂಗಿಕೊಂಡಿರಬೇಕು?

ಮುಸೊಲಿನಿ ಹೋದ. ಸಾಮ್ರಾಜ್ಯ ಹೋಯಿತು. ಹೆಸರು ಮಾತ್ರ ಹೋಗಲಿಲ್ಲ. ಶಾಲೆಯ ಹಾಜರಿಯಲ್ಲಿ ಅದೇ, ಮದುವೆ ಪತ್ರದಲ್ಲಿ ಅದೇ, ಪಿಂಚಣಿ ಪುಸ್ತಕದಲ್ಲಿ ಅದೇ. ಇಟಲಿಯಲ್ಲಿ ಹುಟ್ಟುಹಬ್ಬದ ಹಾಗೆ ಹೆಸರಿನ ಹಬ್ಬ ಅಂತ ಒಂದಿದೆ. ನಿಮ್ಮ ಹೆಸರಿನ ಸಂತರ ದಿನ ನಿಮಗೆ ಶುಭಾಶಯ ಹೇಳ್ತಾರೆ. ಆದುವಾ ಅಂತ ಯಾವ ಸಂತಳೂ ಇಲ್ಲ. ಅಂಥ ಹೆಸರಿನವರು ನವೆಂಬರ್ 1ರಂದು, ಎಲ್ಲಾ ಸಂತರ ದಿನದಂದು ಆಚರಿಸಿಕೊಳ್ಳಬೇಕು. ಹೆಸರಿನ ಹಿಂದೆ ಕಾಯುವ ದೇವರೂ ಇಲ್ಲ, ಒಂದು ರಣರಂಗ ಇದೆ ಅಷ್ಟೆ. 1960ರಲ್ಲಿ ಪಿಯೆತ್ರಾಂಜೆಲಿ ಅನ್ನುವ ನಿರ್ದೇಶಕರು ಒಂದು ಸಿನಿಮಾ ಮಾಡಿದರು, ಹೆಸರು ಆದುವಾ ಮತ್ತು ಗೆಳತಿಯರು. ವೇಶ್ಯಾಗೃಹಗಳನ್ನ ಕಾನೂನು ಮುಚ್ಚಿಸಿದ ಮೇಲೆ ನಾಲ್ಕು ಹೆಂಗಸರು ಸೇರಿ ಒಂದು ಹೋಟೆಲ್ ನಡೆಸಿ ಬದುಕು ಕಟ್ಟಿಕೊಳ್ಳೋಕೆ ಹೊರಡುವ ಕಥೆ. ವಿಜಯದ ಹೆಸರಿಟ್ಟುಕೊಂಡ ಹೆಂಗಸಿಗೆ ಸಮಾಜ ಒಂದು ಹೋಟೆಲ್ ನಡೆಸೋಕೂ ಬಿಡುವುದಿಲ್ಲ.

ಇದೇ ಹೆಸರಿಗೆ ಇನ್ನೊಂದು ಮುಖ ಇದೆ. ಇಥಿಯೋಪಿಯಾದಲ್ಲಿ ಮಾರ್ಚ್ 2 ರಾಷ್ಟ್ರೀಯ ರಜೆ, ಅದ್ವಾ ವಿಜಯದ ದಿನ. ಅವರ ಪಂಚಾಂಗ ಬೇರೆ, ಆದರೂ ಅಧಿಕ ವರ್ಷ ಬಂದಾಗಲೂ ನಮ್ಮ ಲೆಕ್ಕಕ್ಕೆ ಅದು ಮಾರ್ಚ್ 2 ಆಗಿಯೇ ಇರುತ್ತೆ. ಯುರೋಪಿನ ಸೇನೆಯನ್ನ ಆಫ್ರಿಕಾದವರು ಸೋಲಿಸಬಹುದು ಅಂತ ಲೋಕಕ್ಕೆ ತೋರಿಸಿದ ಊರು ಅದು. ಮುಂದೆ ಸ್ವತಂತ್ರವಾದ ಎಷ್ಟೋ ಆಫ್ರಿಕನ್ ದೇಶಗಳು ಇಥಿಯೋಪಿಯಾದ ಹಸಿರು, ಹಳದಿ, ಕೆಂಪು ಬಣ್ಣಗಳನ್ನೇ ತಮ್ಮ ಬಾವುಟಕ್ಕೆ ತಗೊಂಡವು. 2024ರಲ್ಲಿ ಅಡಿಸ್ ಅಬಾಬಾದಲ್ಲಿ ಅದ್ವಾ ವಿಜಯದ ದೊಡ್ಡ ಸ್ಮಾರಕವೇ ಎದ್ದು ನಿಂತಿತು. ಸೊಮಾಲಿ ಮೂಲದ ಇಟಲಿಯ ಲೇಖಕಿ ಇಜಾಬಾ ಶೇಗೊ 2015ರಲ್ಲಿ ಬರೆದ ಕಾದಂಬರಿಯ ಹೆಸರೂ ಆದುವಾ. ಅದರ ನಾಯಕಿ ರೋಮ್‌ನಲ್ಲಿರುವ ಸೊಮಾಲಿ ಹೆಂಗಸು. ಅವಳ ಅಪ್ಪ ಅವಳಿಗೆ ಈ ಹೆಸರಿಟ್ಟದ್ದು ಆಫ್ರಿಕಾದ ಗೆಲುವಿನ ನೆನಪಿಗೆ. ಅದೇ ಅಕ್ಷರ, ಅದೇ ಉಚ್ಚಾರ. ಒಬ್ಬ ಅಪ್ಪನಿಗೆ ಅದು ತೀರಿಸಿಕೊಂಡ ಸೇಡು, ಇನ್ನೊಬ್ಬ ಅಪ್ಪನಿಗೆ ಬಿಡುಗಡೆ. ಆದರೆ ಎರಡೂ ಕಡೆ ಹೊರೆ ಹೊತ್ತವಳು ಮಗಳೇ.

ನೀವು ಕೇಳಬಹುದು, ಊರಿನ ಹೆಸರು ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಇಲ್ವಾ ಅಂತ. ಧಾರಾಳವಾಗಿ ಇದೆ. ಗಾಂಧಾರ ದೇಶದವಳು ಗಾಂಧಾರಿ, ಪಾಂಚಾಲದವಳು ಪಾಂಚಾಲಿ, ಕೇಕಯದವಳು ಕೈಕೇಯಿ, ವಿದೇಹದವಳು ವೈದೇಹಿ, ಮಿಥಿಲೆಯವಳು ಮೈಥಿಲಿ. ನಮ್ಮ ಗಂಡಸರು ಊರಿನ ಹೆಸರನ್ನ ಇನಿಷಿಯಲ್ ಮಾಡಿಕೊಂಡು ತಿರುಗ್ತಾರೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಮೈಥಿಲಿ ಅನ್ನುವ ಹೆಸರು ಅವಳ ತವರನ್ನ ಹೇಳುತ್ತೆ. ಆ ಊರು ಅವಳದ್ದು, ಅವಳು ಆ ಊರಿನವಳು. ಇಟಲಿಯ ಆದುವಾಗೆ ಆ ಊರು ತವರೂ ಅಲ್ಲ, ಗಂಡನ ಮನೆಯೂ ಅಲ್ಲ. ತನ್ನದಲ್ಲದ ಊರು, ತಾನು ನೋಡದ ಊರು, ತನ್ನ ಹೆಸರಿನಲ್ಲಿ ಬೇರೆಯವರು ಬಾಂಬ್ ಹಾಕಿದ ಊರು.

ಆ ಊರಿನವರ ಕಡೆಯಿಂದಲೂ ನೋಡೋಣ. ಅದ್ವಾ ಅಂದರೆ ಬರೀ ಯುದ್ಧ ಅಲ್ಲ. ಅಲ್ಲಿ ಸಂತೆ ನಡೆಯುತ್ತೆ, ಮಕ್ಕಳು ಶಾಲೆಗೆ ಹೋಗ್ತಾರೆ, ಮದುವೆ ಆಗುತ್ತೆ. 2020ರಿಂದ 2022ರವರೆಗೆ ತಿಗ್ರಾಯ್ ಪ್ರಾಂತ್ಯದಲ್ಲಿ ಭೀಕರ ಯುದ್ಧ ನಡೆಯಿತು, ಅದ್ವಾ ಸೀಮೆಯೂ ಮತ್ತೆ ನರಳಿತು. ಜಗತ್ತಿನ ಎಷ್ಟು ಚಾನೆಲ್‌ಗಳು ಅದನ್ನ ತೋರಿಸಿದವು? ನಾವು ಎಷ್ಟು ನಿಮಿಷ ತೋರಿಸಿದೆವು? ಲೆಕ್ಕ ಹೇಳೋಕೆ ನನಗೇ ನಾಚಿಕೆ ಆಗುತ್ತೆ.

ಅದ್ವಾದಿಂದ ಸ್ವಲ್ಪ ದೂರದಲ್ಲೇ ಆಕ್ಸುಮ್ ಅನ್ನುವ ಪ್ರಾಚೀನ ನಗರ ಇದೆ. ಅಲ್ಲಿದ್ದ 24 ಮೀಟರ್ ಎತ್ತರದ ಕಲ್ಲಿನ ಸ್ತಂಭವನ್ನ 1937ರಲ್ಲಿ ಇಟಲಿಯವರು ರೋಮ್‌ಗೆ ಹೊತ್ತುಕೊಂಡು ಹೋಗಿ ನಿಲ್ಲಿಸಿದರು. ವಾಪಸ್ ಕೊಡ್ತೀವಿ ಅಂತ 1947ರ ಒಪ್ಪಂದದಲ್ಲಿ ಹೇಳಿದ್ದರು. ಕೊಟ್ಟದ್ದು 2005ರಲ್ಲಿ. ಮೂರು ಭಾಗ ಮಾಡಿ, ಒಂದೊಂದೇ ಭಾಗವನ್ನ ದೈತ್ಯ ಸರಕು ವಿಮಾನದಲ್ಲಿ ಹಾಕಿ ಕಳಿಸಿದರು. 2008ರಲ್ಲಿ ಅದು ತನ್ನ ಜಾಗದಲ್ಲಿ ಮತ್ತೆ ನಿಂತಿತು. ಎಂಜಿನಿಯರ್ ಕಣ್ಣಿಗೆ ಅದು ಅದ್ಭುತ ಕೆಲಸ. ನೂರೈವತ್ತು ಟನ್ನಿಗೂ ಹೆಚ್ಚು ತೂಕದ ಕಲ್ಲನ್ನ ತಡವಾಗಿಯಾದರೂ ವಾಪಸ್ ಕೊಡಬಹುದು. ಆದರೆ ಒಬ್ಬ ಹೆಂಗಸಿನ ಹೆಸರಿನೊಳಗೆ ಸೇರಿಹೋದ ಊರನ್ನ ಯಾವ ವಿಮಾನದಲ್ಲಿ ಹಾಕಿ ಕಳಿಸ್ತೀರಿ? ಅದು ಅವಳ ಜೊತೆಗೇ ಇರುತ್ತೆ, ಅವಳ ಜೊತೆಗೇ ಹೋಗುತ್ತೆ. ಈ ಹೆಸರು ಇವತ್ತು ಅಪರೂಪ ಆಗಿರುವುದಕ್ಕೆ ಕಾರಣ ಇಷ್ಟೇ. ಅದನ್ನ ಹೊತ್ತವರಿಗೆ ವಯಸ್ಸಾಯಿತು, ಮೊಮ್ಮಕ್ಕಳಿಗೆ ಆ ಹೆಸರನ್ನ ಮತ್ತೆ ಇಡುವವರಿಲ್ಲ.

ಆಗಲೇ ಒಂದು ಮಾತು ಬಾಕಿ ಇಟ್ಟಿದ್ದೆ. ಈ ಕಥೆಯಲ್ಲಿ ನಮ್ಮ ಪಾತ್ರ ಏನು ಅಂತ. 1935ರ ಇಟಲಿಯ ಹಳ್ಳಿಯ ಅಪ್ಪನಿಗೆ ಆದುವಾ ಅನ್ನುವ ಪದ ಎಲ್ಲಿಂದ ಸಿಕ್ಕಿತು? ಅವನು ಇಥಿಯೋಪಿಯಾ ನೋಡಿದವನಲ್ಲ. ಪತ್ರಿಕೆಯ ಹೆಡ್‌ಲೈನ್‌ನಿಂದ ಸಿಕ್ಕಿತು, ಊರ ಚೌಕದ ಧ್ವನಿವರ್ಧಕದಿಂದ ಸಿಕ್ಕಿತು. ಸುದ್ದಿ ಹೇಳಿದವರು ದೊಡ್ಡ ಅಕ್ಷರದಲ್ಲಿ ಗೆಲುವು ಅಂತ ಹೇಳಿದರು. ಅನಿಲದ ವಿಷಯ ಹೇಳಲಿಲ್ಲ. ಅವನು ಪೂರ್ತಿ ಸುದ್ದಿ ಕೇಳಿದ್ದರೆ ಮಗಳಿಗೆ ಬೇರೆ ಹೆಸರು ಇಡ್ತಿದ್ದನೋ ಏನೋ. 2020ರಲ್ಲಿ ರಾಯಪುರದಲ್ಲಿ ಹುಟ್ಟಿದ ಅವಳಿ ಮಕ್ಕಳಿಗೆ ಕೊರೊನಾ, ಕೋವಿಡ್ ಅಂತ ಹೆಸರಿಟ್ಟ ಸುದ್ದಿಯನ್ನ ದೇಶದ ಚಾನೆಲ್‌ಗಳೆಲ್ಲಾ ನಗುನಗುತ್ತಾ ಓದಿದವು. ನಾನೂ ನಕ್ಕಿದ್ದೆ. ಇಪ್ಪತ್ನಾಲ್ಕು ಗಂಟೆ ಆ ಎರಡೇ ಪದ ಕೂಗಿದವರು ನಾವೇ ಅಲ್ವಾ? ಕೂಗಿ ಕೂಗಿ ಒಂದು ತೊಟ್ಟಿಲವರೆಗೂ ತಲುಪಿಸಿದ್ವಿ.

ನಮ್ಮ ಹೆಡ್‌ಲೈನ್‌ನ ಆಯಸ್ಸು ಒಂದು ದಿನ. ಮುಂದಿನ ಬುಲೆಟಿನ್‌ನಲ್ಲಿ ಬೇರೆ ಸುದ್ದಿ, ಬೇರೆ ಸಂಗೀತ, ಬೇರೆ ಗ್ರಾಫಿಕ್ಸ್. ಮಗುವಿನ ಹೆಸರಿನ ಆಯಸ್ಸು ಎಂಬತ್ತು, ತೊಂಬತ್ತು ವರ್ಷ. ಅವತ್ತಿನ ಸಿಟ್ಟು, ಅವತ್ತಿನ ಜೈಕಾರ ಎರಡೂ ಆರಿಹೋದ ಮೇಲೂ ಯಾರೋ ಅವಳನ್ನ ಕೇಳ್ತಾರೆ, "ನಿಮ್ಮ ಹೆಸರಿನ ಅರ್ಥ ಏನಮ್ಮಾ?" ಉತ್ತರ ಹೇಳಬೇಕಾದವಳು ಅವಳು. ಹೆಸರಿಟ್ಟವರು ಇರೋದಿಲ್ಲ, ಹೆಡ್‌ಲೈನ್ ಬರೆದವರಂತೂ ಇರೋದೇ ಇಲ್ಲ.

ಮಗಳಿಗೆ ಊರಿನ ಹೆಸರಿಡಬೇಡಿ ಅಂತ ನಾನು ಹೇಳ್ತಿಲ್ಲ. ಪ್ರೀತಿಯಿಂದ ಇಡಿ. ಆದರೆ ಆ ಊರಿನಲ್ಲೂ ಒಬ್ಬ ಮಗಳಿದ್ದಾಳೆ, ಅವಳೂ ಈ ಹೆಸರನ್ನ ಕೇಳಿಸಿಕೊಳ್ತಾಳೆ ಅನ್ನೋದನ್ನ ಒಂದು ಸಲ ನೆನಪಿಸಿಕೊಳ್ಳಿ. ಮುಂದಿನ ಸಲ ದೊಡ್ಡ ಅಕ್ಷರದಲ್ಲಿ ಒಂದು ಊರಿನ ಹೆಸರು ಸ್ಕ್ರೀನ್ ಮೇಲೆ ಹಾಕುವಾಗ ನಾನೂ ನೆನಪಿಸಿಕೊಳ್ತೀನಿ.

ಆ ಪವರೋಟ್ಟಿ ಸ್ಟೋರಿ ಏನಾಯಿತು ಅಂತ ಕೇಳ್ತೀರಾ? ಪ್ರಸಾರ ಆಯಿತು. ಹೆಸರು ಹಾಗೇ ಇತ್ತು, ಸ್ಪೆಲ್ಲಿಂಗ್ ಸರಿಯಾಗಿ. ಆ ಹುಡುಗ ಈಗ ಯಾವ ಹೆಸರು ಬಂದರೂ ಮೊದಲು ಮ್ಯಾಪ್ ತೆಗೆದು ನೋಡ್ತಾನೆ. ನಾನು ಬೇಡ ಅನ್ನೋದಿಲ್ಲ.